ಗಾಳದ ರೀಲಿನೊಳಗೆ ಲೆನ್ಜ್

ಸ್ಪಿನ್ನಿಂಗ್ ರೀಲಲ್ಲಿ ಗಾಳ ಎಸೆಯುವಾಗ ಸ್ಪೂಲ್ ಸುಮ್ನೆ ನಿಂತಿರುತ್ತೆ. ಬೈಟ್‌ಕಾಸ್ಟಿಂಗ್ ರೀಲಲ್ಲಿ ಸ್ಪೂಲೇ ತಿರುಗುತ್ತೆ, ತೊಂದರೆಯೂ ಅಲ್ಲಿಂದಲೇ ಶುರು. ಗಾಳಿಯ ತಡೆಗೆ ಲ್ಯೂರ್ ನಿಧಾನವಾದರೂ ಸ್ಪೂಲ್ ಜಡತ್ವದಿಂದ ಸುತ್ತುತ್ತಲೇ ಇರುತ್ತೆ. ಹೊರಗೆ ಹೋಗದ ದಾರ ಒಳಗೇ ಸಡಿಲಾಗಿ ಗುಬ್ಬಿಗೂಡಿನ ಹಾಗೆ ಸಿಕ್ಕಾಗುತ್ತೆ. ಬಿಡಿಸೋಕೆ ತಾಳ್ಮೆ ಬೇಕು, ಇಲ್ಲಾಂದ್ರೆ ಕತ್ತರಿಯೇ ಗತಿ.

ಅದಕ್ಕೇ ಮೊದಲು ಹ್ಯಾಂಡಲ್ ಪಕ್ಕದ ಟೆನ್ಷನ್ ನಾಬ್ ಬಿಗಿ ಮಾಡೋಣ. ಆಮೇಲೆ ಬಟನ್ ಒತ್ತಿ ನಾಬನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಲ್ಯೂರ್ ಮೆಲ್ಲಗೆ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲೂ ನಿಂತರೆ ಸರಿ. ಲ್ಯೂರಿನ ತೂಕ ಬದಲಾದರೆ ಮತ್ತೆ ಇದೇ ಕೆಲಸ.

ನಮಗೆ ತುಂಬಾ ಇಷ್ಟವಾಗೋದು ಮ್ಯಾಗ್ನೆಟಿಕ್ ಬ್ರೇಕ್. ಆಯಸ್ಕಾಂತದ ಹತ್ತಿರ ಅಲ್ಯೂಮಿನಿಯಂ ಸ್ಪೂಲ್ ತಿರುಗಿದರೆ ಅದರಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಆ ತಿರುಗಾಟವನ್ನೇ ತಡೆಯುತ್ತೆ. ಪರೀಕ್ಷೆಗೆ ಉರು ಹೊಡೆದ ಲೆನ್ಜ್ ನಿಯಮ ಇದೇ! ವೇಗ ಜಾಸ್ತಿಯಾದಷ್ಟೂ ತಡೆಯೂ ಜಾಸ್ತಿ. ಕಲಿಯುವಾಗ ಡಯಲ್ ಗರಿಷ್ಠದ ಹತ್ತಿರವೇ ಇರಲಿ, ದೂರ ಎಸೆಯೋ ಆಸೆ ಆಮೇಲೆ.

ಕೊಕ್ಕೆ ಬದಲು 15 ಗ್ರಾಂ ತೂಕ ಕಟ್ಟಿ ಖಾಲಿ ಮೈದಾನದಲ್ಲಿ ಎಸೆದು ನೋಡಿ. ಹೆಬ್ಬೆರಳು ಸ್ಪೂಲಿಗೆ ಹಗುರವಾಗಿ ತಾಗುತ್ತಿರಲಿ. ತೂಕ ಕೆಳಗೆ ಬೀಳೋ ಮುಂಚೆಯೇ ಒತ್ತಿ ನಿಲ್ಲಿಸಿ, ಆ ಕ್ಷಣಕ್ಕೆ ಬ್ರೇಕ್ ಒಂದೇ ಸಾಲಲ್ಲ.