ಅಂಕಿಗೂ ಮೊದಲು ಕಡ್ಡಿಯ ಕಟ್ಟು: ಮಕ್ಕಳ ಗಣಿತಕ್ಕೆ ಮೂರು ಮೆಟ್ಟಿಲು

ಕೊಪ್ಪಳ: 27ಕ್ಕೆ 38 ಕೂಡಿಸಿದರೆ 65. ಆದರೆ ಪ್ರಾಥಮಿಕ ಶಾಲೆಯ ಎಷ್ಟೋ ಮಕ್ಕಳು 515 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯ ಫಲವಲ್ಲ. ಏಳು ಎಂಟು ಹದಿನೈದು, ಎರಡು ಮೂರು ಐದು ಎಂಬುದು ಮಗುವಿಗೆ ಗೊತ್ತಿದೆ. ಹದಿನೈದರೊಳಗಿನ ಒಂದು ಹತ್ತು ಎಡಗಡೆಯ ಮನೆಗೆ ಸೇರಬೇಕೆಂಬುದು ಮಾತ್ರ ತಿಳಿದಿಲ್ಲ. ಸ್ಥಾನಬೆಲೆಯ ಈ ಅರಿವು ಆರಂಭದ ತರಗತಿಗಳಲ್ಲೇ ಮೂಡದಿದ್ದರೆ ಭಾಗಾಕಾರ, ದಶಮಾಂಶ, ಶೇಕಡಾ ಲೆಕ್ಕಗಳೆಲ್ಲ ಬರಿಯ ಕಂಠಪಾಠವಾಗುತ್ತವೆ.

ಈ ಕೊರತೆಯನ್ನು ನೀಗಿಸಲೆಂದೇ ಅಕ್ಷರ ಫೌಂಡೇಷನ್ 'ಗಣಿತ ಕಲಿಕಾ ಆಂದೋಲನ' ರೂಪಿಸಿತು. ಅಂದಿನ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನೆರವಿನೊಂದಿಗೆ 2015-16ರಲ್ಲಿ ಅದು ಈ ಭಾಗದ ಆರು ಜಿಲ್ಲೆಗಳ ಸರ್ಕಾರಿ ಶಾಲೆಗಳನ್ನು ತಲುಪಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳಿದ್ದ ಕೊಪ್ಪಳವೂ ಅವುಗಳಲ್ಲೊಂದು. ಮಣಿಚೌಕಟ್ಟು, ಹತ್ತರ ಪಟ್ಟಿ, ಭಿನ್ನರಾಶಿಯ ತುಂಡುಗಳು, ಆಟಿಕೆ ನೋಟು, ಗಡಿಯಾರ, ತಕ್ಕಡಿಗಳಿದ್ದ ಪೆಟ್ಟಿಗೆ ತರಗತಿಗೆ ಬಂದಿತು.

ಮೂರು ಹಂತ

ವಿಧಾನ ಸರಳ. ಮೊದಲು ವಸ್ತು, ಬಳಿಕ ಚಿತ್ರ, ಕೊನೆಗೆ ಅಂಕಿ. 27 ಎಂದರೆ ಹತ್ತು ಕಡ್ಡಿಗಳ ಎರಡು ಕಟ್ಟು, ಏಳು ಬಿಡಿ ಕಡ್ಡಿ. 38 ಎಂದರೆ ಮೂರು ಕಟ್ಟು, ಎಂಟು ಬಿಡಿ. ಸೇರಿಸಿದಾಗ ಹದಿನೈದು ಬಿಡಿ ಕಡ್ಡಿಗಳಾಗುತ್ತವೆ. ಅವುಗಳಲ್ಲಿ ಹತ್ತನ್ನು ಮಗು ತಾನೇ ಕಟ್ಟಿದಾಗ ಆರು ಕಟ್ಟು, ಐದು ಬಿಡಿ ಉಳಿಯುತ್ತವೆ. 'ಕೈಯಲ್ಲಿ ಒಂದು' ಎಂಬ ಮಾತಿನ ಅರ್ಥ ಆಗ ಕಣ್ಣಿಗೆ ಕಾಣುತ್ತದೆ. ಮುಂದೆ ಕಟ್ಟಿಗೆ ಗೆರೆ, ಬಿಡಿಗೆ ಚುಕ್ಕಿ ಬರೆದು ಅದೇ ಲೆಕ್ಕ ಮಾಡಬೇಕು. ಅಂಕಿ ಬರುವುದು ಆಮೇಲೆ.

ಇದಕ್ಕೆ ಭಾಷೆಯ ಬೆಂಬಲವೂ ಇದೆ. 'ಇಪ್ಪತ್ತೇಳು' ಎನ್ನುವಾಗ ಬರೆಯುವ ಕ್ರಮದಲ್ಲೇ ಇಪ್ಪತ್ತು ಮೊದಲು, ಏಳು ನಂತರ. ಉರ್ದುವಿನ 'ಸತ್ತಾಯೀಸ್'ನಲ್ಲಿ ಏಳೇ ಮೊದಲು. ಆದ್ದರಿಂದ ಉರ್ದು ಮನೆಮಾತಿನ ಮಕ್ಕಳಿಗೆ ಕಡ್ಡಿಯ ಕಟ್ಟು ಇನ್ನಷ್ಟು ಅಗತ್ಯ.

ಗುಳೆಯ ಪೆಟ್ಟು

ಕುಷ್ಟಗಿ, ಯಲಬುರ್ಗಾ ಮಳೆಯಾಶ್ರಿತ ಸೀಮೆ. ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳೊಂದಿಗೆ ಮಕ್ಕಳೂ ತಿಂಗಳುಗಟ್ಟಲೆ ಶಾಲೆ ಬಿಡುವುದುಂಟು. ಮರಳಿದ ಮಗುವನ್ನು ತರಗತಿ ತಲುಪಿದ ಪಾಠದಲ್ಲಿ ಕೂರಿಸಿದರೆ ಪ್ರಯೋಜನವಿಲ್ಲ. ಅದು ನಿಂತ ಮೆಟ್ಟಿಲಿನಿಂದಲೇ ಆರಂಭಿಸಬೇಕು. ಮೂರನೇ ತರಗತಿಯ ಎಲ್ಲ ಮಕ್ಕಳಿಗೂ 2026-27ರೊಳಗೆ ಬುನಾದಿ ಸಂಖ್ಯಾಜ್ಞಾನ ಎಂಬ ಗುರಿಯೊಂದಿಗೆ ಕೇಂದ್ರ ಸರ್ಕಾರ 2021ರಲ್ಲಿ 'ನಿಪುಣ್ ಭಾರತ್' ಆರಂಭಿಸಿತು. ಇಂಥ ಮಕ್ಕಳು ಹಿಂದುಳಿದರೆ ಆ ಗುರಿ ಕಾಗದದಲ್ಲೇ ಉಳಿಯುತ್ತದೆ.

ಮನೆಯಲ್ಲಿ ಪೆಟ್ಟಿಗೆ ಬೇಕಿಲ್ಲ. ಹುಣಸೆ ಬೀಜ, ಕಡ್ಡಿ, ಹತ್ತರ ನೋಟು, ಒಂದರ ನಾಣ್ಯ ಸಾಕು. ಉತ್ತರ ತಪ್ಪಾದಾಗ ಗದರುವ ಬದಲು 'ಹೇಗೆ ಬಂತು?' ಎಂದು ಕೇಳಬೇಕು. 515 ಎಂಬ ಉತ್ತರಕ್ಕೂ ಮಗುವಿನ ಬಳಿ ಕಾರಣವಿರುತ್ತದೆ. ತಿದ್ದಬೇಕಾದುದು ಆ ಕಾರಣವನ್ನು.