ಪಾಯಿಂಟಿಗೆ ಎಷ್ಟ್ರೀ?

ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಮನೆ ಕಟ್ಟಿಸುವವರು ಗೌಂಡಿಯ ಹತ್ತಿರ ‘ಸ್ಕ್ವೇರ್ ಫೂಟಿಗೆ ಎಷ್ಟು?’ ಅಂತ ಕೇಳಿದರೆ, ವೈರಿಂಗ್‌ನವರ ಹತ್ತಿರ ಕೇಳುವುದು ‘ಪಾಯಿಂಟಿಗೆ ಎಷ್ಟ್ರೀ?’ ಅಂತ. ಅವರು ಒಂದು ದರ ಹೇಳುತ್ತಾರೆ, ಇವರು ಹತ್ತಿಪ್ಪತ್ತು ಇಳಿಸುತ್ತಾರೆ, ಮಾತು ಮುಗಿಯುತ್ತದೆ. ತಕರಾರು ಏಳುವುದು ಆಮೇಲೆ. ಯಾವುದನ್ನು ಪಾಯಿಂಟ್ ಎಂದು ಎಣಿಸಬೇಕು, ಎಣಿಕೆಗೆ ಸಿಗದ ಕೆಲಸದ ದುಡ್ಡು ಯಾರು ಕೊಡಬೇಕು ಎಂಬುದು ಮೊದಲ ದಿನ ಯಾರ ಬಾಯಲ್ಲೂ ಬಂದಿರುವುದಿಲ್ಲ.

ಸ್ವಂತವಾಗಿ ದುಡಿಯುವ ಎಲೆಕ್ಟ್ರಿಷಿಯನ್‌ಗಳು ದರ ಕಟ್ಟುವ ದಾರಿ ಮುಖ್ಯವಾಗಿ ಮೂರು. ಹಳೆ ಮನೆಯ ರಿಪೇರಿಗೆ ದಿನದ ಪಗಾರ. ಗೋಡೆಯೊಳಗೆ ಏನಿದೆ ಎಂದು ಬಿಚ್ಚಿ ನೋಡುವ ತನಕ ತಿಳಿಯದ ಕಡೆ ಗುತ್ತಿಗೆ ಹಿಡಿದವನಿಗೆ ನಷ್ಟವೇ. ಹೊಸ ಆರ್‌ಸಿಸಿ ಮನೆಗೆ ಪಾಯಿಂಟ್ ಲೆಕ್ಕ ಇಲ್ಲವೇ ಚದರಡಿ ಲೆಕ್ಕ. ಸಾಮಾನು ಸೇರಿಸಿ ಒಟ್ಟಿಗೆ ಗುತ್ತಿಗೆ ಹಿಡಿಯುವುದು ಮೂರನೆಯದು.

ಎಣಿಕೆಯ ಜಗಳ

ಎರಡು ಮಲಗುವ ಕೋಣೆಯ ಒಂದು ಮನೆಯನ್ನು ಎಣಿಸಿ ನೋಡೋಣ. ಹಾಲ್‌ನಲ್ಲಿ 3 ದೀಪ, 2 ಫ್ಯಾನ್, 2 ಪ್ಲಗ್, 1 ಟಿವಿ ಸೇರಿ 8. ಕೋಣೆಗೆ 2 ದೀಪ, ಫ್ಯಾನ್, ಮಂಚದ ಬಳಿ ಪ್ಲಗ್, ಕೂಲರ್ ಪ್ಲಗ್ ಎಂದರೆ 5. ಎರಡು ಕೋಣೆಗೆ 10. ಅಡುಗೆ ಮನೆಯ 2 ದೀಪ, ಮಿಕ್ಸಿ, ಫ್ರಿಜ್, ಎಕ್ಸಾಸ್ಟ್ ಸೇರಿ 5. ದೇವರ ಕೋಣೆ, ಶೌಚಾಲಯ, ಬಚ್ಚಲಿನ ದೀಪ ಮತ್ತು ಗೀಸರ್ 4. ಅಂಗಳದ 2 ದೀಪ, ಹಿತ್ತಲು, ಮೆಟ್ಟಿಲು, ಕರೆಗಂಟೆ, ನೀರೆತ್ತುವ ಮೋಟರ್ 6. ಒಟ್ಟು 33.

ಎಲೆಕ್ಟ್ರಿಷಿಯನ್ ಇದನ್ನೇ ಬೇರೆ ರೀತಿ ಎಣಿಸಬಹುದು. ಕೂಲರ್ ಎರಡು, ಗೀಸರ್, ಮೋಟರ್ ಇವಕ್ಕೆ ದಪ್ಪ ವೈರ್, ದೊಡ್ಡ ಸಾಕೆಟ್ ಬೇಕು. ಒಂದೊಂದೂ ಎರಡು ಪಾಯಿಂಟ್ ಎನ್ನುತ್ತಾನೆ. ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್, ಅದೂ ಎರಡು. ಈಗ ಲೆಕ್ಕ 38. ದರ ಒಂದು ಪೈಸೆಯೂ ಏರಲಿಲ್ಲ, ಬಿಲ್ ಮಾತ್ರ ಶೇ 15ರಷ್ಟು ಬೆಳೆಯಿತು. ಇಬ್ಬರ ಲೆಕ್ಕದಲ್ಲೂ ಮೋಸವಿಲ್ಲ.

ಇದಕ್ಕಿಂತ ದೊಡ್ಡ ಖರ್ಚು ಪಾಯಿಂಟಿನಲ್ಲಿ ಕಾಣುವುದೇ ಇಲ್ಲ. ಅದು ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಪೆಟ್ಟಿಗೆಯಿಂದ ಪ್ರತಿ ಬೋರ್ಡಿಗೆ ಹೋಗುವ ಸರ್ಕ್ಯೂಟ್ ಲೈನ್. ಸರ್ಕಾರಿ ಕಟ್ಟಡಗಳ ಟೆಂಡರ್‌ನಲ್ಲಿ ಇದನ್ನು ಪಾಯಿಂಟಿನಿಂದ ಬೇರೆ ಮಾಡಿ ಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಊರಿನ ಮನೆ ಕೆಲಸದಲ್ಲಿ ಅದು ಪಾಯಿಂಟ್ ದರದೊಳಗೇ ಸೇರಿಹೋಗುತ್ತದೆ. ದೀಪ, ಫ್ಯಾನ್, ಸಣ್ಣ ಪ್ಲಗ್ ಸೇರಿ ಒಂದು ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವಾಟ್ ದಾಟಬಾರದು ಎಂಬುದು ಈ ಕಸುಬಿನ ಹಳೆಯ ಕಟ್ಟಳೆ. ಅದನ್ನು ಪಾಲಿಸಿದರೆ ವೈರ್ ಹೆಚ್ಚು, ಎಂಸಿಬಿ ಹೆಚ್ಚು, ದುಡಿಮೆ ಹೆಚ್ಚು. ಮನೆಯನ್ನೆಲ್ಲ ಎರಡೇ ಲೈನಿನಲ್ಲಿ ಸುತ್ತಿಸಿದವನ ದರ ಸಹಜವಾಗಿಯೇ ಅಗ್ಗ. ಪ್ಲಾಸ್ಟರ್ ಆದ ಮೇಲೆ ಎರಡೂ ಗೋಡೆ ಒಂದೇ ಥರ ಕಾಣುತ್ತವೆ. ಕೂಲರ್ ಮತ್ತು ಮೋಟರ್ ಒಟ್ಟಿಗೆ ಓಡುವ ಬೇಸಿಗೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನೆಲವೂ ದರ ಹೇಳುತ್ತದೆ

ಮಣ್ಣಿನ ಮಾಳಿಗೆ ಮನೆಯಲ್ಲಿ ಪೈಪ್ ಹುದುಗಿಸಲು ಸ್ಲ್ಯಾಬ್ ಇರುವುದಿಲ್ಲ. ಕೇಸಿಂಗ್ ಪಟ್ಟಿ ಹೊಡೆದು ಮೇಲಿಂದಲೇ ಲೈನ್ ಎಳೆಯಬೇಕು. ಕಲ್ಲಿನ ಗೋಡೆ ಕೊರೆಯುವುದಕ್ಕೂ ಇಟ್ಟಿಗೆ ಗೋಡೆ ಕೊರೆಯುವುದಕ್ಕೂ ಒಂದೇ ದರ ಇರಲಾಗದು. ಇಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಯನ್ನು ಆಳಕ್ಕೆ ತೋಡಿ, ಇದ್ದಿಲು, ಉಪ್ಪು ತುಂಬಿ, ಆಗಾಗ ನೀರು ಹಾಕುವ ವ್ಯವಸ್ಥೆ ಮಾಡದಿದ್ದರೆ ಮಳೆಗಾಲದಲ್ಲಿ ಕೆಲಸ ಮಾಡಿದ ಅರ್ಥ್ ಏಪ್ರಿಲ್‌ನಲ್ಲಿ ಕೈಕೊಡಬಹುದು. ಗುಂಡಿ ತೋಡುವ ಕೂಲಿ ಯಾರದು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಕರೆಂಟ್ ಹೋದಾಗ ಉರಿಯಬೇಕಾದ ದೀಪ, ಫ್ಯಾನ್‌ಗಳಿಗೆ ಇನ್ವರ್ಟರ್ ಲೈನ್ ಬೇರೆಯೇ ಎಳೆಯಬೇಕು, ಅದೂ ಹೆಚ್ಚುವರಿ.

ಸಾಮಾನಿನ ಲೆಕ್ಕ ಇನ್ನೊಂದು ಕಥೆ. ಮನೆಗೆ ಬಳಸುವ ತಾಮ್ರದ ವೈರ್ ಸಾಮಾನ್ಯವಾಗಿ 90 ಮೀಟರ್ ಸುರುಳಿಯಲ್ಲಿ ಬರುತ್ತದೆ. ಅದರ ಮೇಲೆ ಶೇ 18 ಜಿಎಸ್‌ಟಿ. ತಾಮ್ರದ ಬೆಲೆ ಜಗತ್ತಿನ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ. ಸ್ಲ್ಯಾಬ್ ಹಾಕಿದ ದಿನಕ್ಕೂ ಫ್ಯಾನ್ ತೂಗುಹಾಕುವ ದಿನಕ್ಕೂ ನಡುವೆ ತಿಂಗಳುಗಳೇ ಕಳೆಯುವುದರಿಂದ ಬುದ್ಧಿವಂತ ಎಲೆಕ್ಟ್ರಿಷಿಯನ್ ಸಾಮಾನಿನ ಹೊಣೆ ಹೊರುವುದಿಲ್ಲ. ‘ನೀವು ತಂದುಕೊಡ್ರಿ, ನಾನು ಕೂಲಿ ಅಷ್ಟ ತಗೊಂತೀನಿ’ ಎನ್ನುತ್ತಾನೆ. ಅಂಗಡಿಯಿಂದ ಅವನಿಗೆ ಕಮಿಷನ್, ಕಂಪನಿಯಿಂದ ಕೂಪನ್ ಸಿಗುವುದುಂಟು. ಕೂಲಿ ತೀರಾ ಇಳಿಸಿ ಹೇಳುವವನು ಅದನ್ನು ಅಲ್ಲಿ ತುಂಬಿಸಿಕೊಳ್ಳುತ್ತಿರಬಹುದು.

ಕೊನೆಗೆ ಕಾಗದ. ಇಲ್ಲಿಯ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಹೊಸ ಮೀಟರ್ ಪಡೆಯಲು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟ್ ಬೇಕು. ಐಟಿಐನಲ್ಲಿ ಎರಡು ವರ್ಷ ಕಲಿತವರಾಗಲಿ, ಯಾರದೋ ಕೈಕೆಳಗೆ ಕಲಿತವರಾಗಲಿ, ಕೈಯಲ್ಲಿ ಲೈಸೆನ್ಸ್ ಇಲ್ಲದಿದ್ದರೆ ಈ ಸಹಿಗೆ ಬೇರೆಯವರನ್ನೇ ಹಿಡಿಯಬೇಕು. ಆ ಖರ್ಚು ದರದೊಳಗಿದೆಯೋ ಹೊರಗಿದೆಯೋ?

ಭತ್ತ ಮಾರಿದ ಮೇಲೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಈ ಸೀಮೆಯಲ್ಲಿ ರೈತನ ಕೈಗೆ ದುಡ್ಡು ಬರುವುದು ಭತ್ತ ಮಾರಿದ ಮೇಲೆ. ಹಾಗಾಗಿ ಪಾವತಿಯೂ ಕಂತಿನಲ್ಲಿ: ಸ್ಲ್ಯಾಬ್ ಪೈಪಿಗೆ ಒಂದಿಷ್ಟು, ಗೋಡೆ ಪೈಪಿಗೆ ಒಂದಿಷ್ಟು, ವೈರ್ ಎಳೆದಾಗ ಒಂದಿಷ್ಟು, ಉಳಿದದ್ದು ಫಿಟಿಂಗ್ ಆದ ಮೇಲೆ. ಉದ್ರಿಯಾಗಿ ನಿಲ್ಲುವುದು ಹೆಚ್ಚಾಗಿ ಈ ಕೊನೆಯ ಕಂತು. ಗೃಹಪ್ರವೇಶ ಮುಗಿದಿರುತ್ತದೆ, ದೀಪ ಉರಿಯುತ್ತಿರುತ್ತದೆ, ಅವಸರ ಯಾರಿಗೂ ಇರುವುದಿಲ್ಲ. ಅನುಭವ ಇದ್ದವರು ಆ ಕಾಯುವಿಕೆಯನ್ನೂ, ಆಮೇಲೆ ‘ಒಂದು ಸ್ವಿಚ್ ಬಿಸಿ ಆಗಾಕತ್ತೈತಿ, ಬಂದು ನೋಡೋ ತಮ್ಮಾ’ ಎಂದು ಬರುವ ಫೋನುಗಳನ್ನೂ ಮೊದಲ ದಿನದ ದರದಲ್ಲೇ ಸೇರಿಸಿರುತ್ತಾರೆ. ಹೊಸಬರು ಸೇರಿಸುವುದಿಲ್ಲ, ಅದಕ್ಕೇ ಅವರ ದರ ಕಡಿಮೆ, ಅದಕ್ಕೇ ಕೆಲವರು ಫೋನ್ ಎತ್ತುವುದಿಲ್ಲ.

ಮನೆ ಕಟ್ಟಿಸುವವರು ಒಂದು ಹಾಳೆಯಲ್ಲಿ ಕೋಣೆವಾರು ಪಾಯಿಂಟ್ ಬರೆಸಿಕೊಳ್ಳಲಿ. ಪವರ್ ಪ್ಲಗ್ ಎಷ್ಟಕ್ಕೆ ಸಮ, ಸರ್ಕ್ಯೂಟ್ ಎಷ್ಟು, ಯಾವ ದಪ್ಪದ ವೈರ್, ಅರ್ಥ್ ಗುಂಡಿ, ಇನ್ವರ್ಟರ್ ಲೈನ್ ಮತ್ತು ಜೆಸ್ಕಾಂ ಕಾಗದದ ಖರ್ಚು ಯಾರದು ಎಂಬುದೂ ಅದರಲ್ಲೇ ಇರಲಿ. ಎರಡು ದರಗಳನ್ನು ಹೋಲಿಸಲು ಆಗುವುದು ಆಗಲೇ. ಜಗಳ ಆಡುವುದಿದ್ದರೆ ಸ್ಲ್ಯಾಬ್ ಹಾಕುವ ಮೊದಲೇ ಆಡಿ ಮುಗಿಸಿ. ಕಾಂಕ್ರೀಟ್ ಬಿದ್ದ ಮೇಲೆ ಗೆದ್ದವರೂ ಗೋಡೆ ಒಡೆಯಬೇಕಾಗುತ್ತದೆ.