ನೆಲಕ್ಕಿಳಿದ ಮೇಲೆ ಬಿಗಿ

ಮಳೆ ಹಿಂದೆ ಸರಿದು ಅಂಗಳಗಳಲ್ಲಿ ಅಡಿಕೆ ಹರಡುವ ಹೊತ್ತಿಗೆ ಸುಳ್ಯದ ಕಡೆಯ ಗ್ಯಾರೇಜುಗಳಿಗೆ ಒಂದೇ ನಮೂನೆಯ ದೂರು ಹೊತ್ತ ಕಾರುಗಳು ಬರತೊಡಗುತ್ತವೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರಿನ ತನಕ ಕೆಸರುನೀರಿನ ಕೆಳಗೆ ರಸ್ತೆ ಎಷ್ಟಿದೆ, ಹೊಂಡ ಎಷ್ಟಿದೆ ಎಂಬುದು ಚಕ್ರ ಇಳಿದ ಮೇಲಷ್ಟೇ ಗೊತ್ತಾಗುವುದು. ಆಗೆಲ್ಲ ಮಳೆಯ ಗದ್ದಲದಲ್ಲಿ ಕಾರಿನ ಸದ್ದು ಯಾರಿಗೂ ಕೇಳಿಸುವುದಿಲ್ಲ. ಬಿಸಿಲು ಬಿದ್ದು, ಗಾಜು ಇಳಿಸಿ ಓಡಿಸತೊಡಗಿದಾಗ ಒಂದೊಂದೇ ಕಿವಿಗೆ ಬೀಳುತ್ತದೆ. ಹಂಪ್ ಹತ್ತುವಾಗ 'ಟೊಕ್', ಇಳಿಯುವಾಗ ಇನ್ನೊಂದು 'ಟೊಕ್'.

ಮಾಣಿ–ಮೈಸೂರು ಹೆದ್ದಾರಿಯಿಂದ ತುಸು ಒಳಗಿರುವ ಈ ಗ್ಯಾರೇಜಿಗೆ ಬೋರ್ಡಿಲ್ಲ. ಶೀಟಿನ ಮಾಡು, ಮೂರು ಬದಿಗೆ ಗೋಡೆ. ನೆಲದ ಮಣ್ಣು ವರ್ಷಗಟ್ಟಲೆ ಎಣ್ಣೆ ಕುಡಿದು ಕರ್ರಗಾಗಿ ಗಟ್ಟಿಕಟ್ಟಿದೆ. ನಡುವೆ ಸಿಮೆಂಟು ಕಟ್ಟಿದ ಉದ್ದನೆಯ ಹೊಂಡ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗಿಳಿದು ಕೆಲಸ ಮಾಡಬಹುದು. ಮೂಲೆಯಲ್ಲಿ ದಪ್ಪ ಹಲಸಿನ ಹಲಗೆಗೆ ಬಿಗಿದ ಬೆಂಚ್ ವೈಸ್, ಗೋಡೆಯ ಮೇಲೆ ಯಕ್ಷಗಾನ ಮೇಳವೊಂದರ ತಿರುಗಾಟದ ಪೋಸ್ಟರ್. ಹಿಂಬದಿಗೆ ರಬ್ಬರ್ ತೋಟ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲದಿರಲಿ ಎಂದು ಮರಗಳ ಸೊಂಟಕ್ಕೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಮೇಸ್ತ್ರಿ ಕೈಕೆಳಗಿನ ಹುಡುಗನಿಗೆ ತುಳುವಿನಲ್ಲಿ ಬೈಯುತ್ತಾರೆ, ಗಿರಾಕಿಗಳೊಡನೆ ಕನ್ನಡದಲ್ಲಿ ಮಾತಾಡುತ್ತಾರೆ, ಕಾಸರಗೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿದರೆ ಮಲಯಾಳ. ಈ ಗಡಿಯಲ್ಲಿ ಇದು ಯಾರಿಗೂ ವಿಶೇಷವಲ್ಲ.

ಇವತ್ತು ಹೊಂಡದ ಪಕ್ಕದಲ್ಲಿ ನಿಂತಿರುವುದು ನಿವೃತ್ತ ಮಾಷ್ಟ್ರೊಬ್ಬರ ಮಾರುತಿ 800. ನಂಬರ್ ಪ್ಲೇಟಿನಲ್ಲಿ ಕೆಎ 21, ಅಂದರೆ ಪುತ್ತೂರು. ಒಂದು ಕಾಲದಲ್ಲಿ ಬಿಳಿ; ಈಗ ಬಾನೆಟ್ಟು ಒಂದು ಬಿಳಿ, ಬಾಗಿಲು ಇನ್ನೊಂದು ಬಿಳಿ. ಹದಿನೈದು ವರ್ಷ ಎಂದೋ ಮುಗಿದು, ಹಸಿರು ತೆರಿಗೆ ಕಟ್ಟಿ, ಆರ್‌ಟಿಓ ಕಚೇರಿಯಲ್ಲಿ ಮರುನೋಂದಣಿ ಮಾಡಿಸಿಕೊಂಡ ಕಾರು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಿರಾಕಿಯ ಕೈಗೆ ಬೀಗದ ಕೈ ಕೊಟ್ಟ ಈ ಮಾದರಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಷ್ಟರೊಳಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಮೂರು ಸಿಲಿಂಡರ್, 796 ಸಿಸಿ. ಸಪೂರ ತೋಟದ ದಾರಿಗೆ ಹೇಳಿಸಿದ ಅಳತೆ. ಕೊಡುತ್ತೀರಾ ಎಂದು ಕೇಳಿದವರಿಗೆಲ್ಲ ಮಾಷ್ಟ್ರ ಉತ್ತರ ಒಂದೇ: "ಇದು ಹೋಗುವ ದಾರಿಯಲ್ಲಿ ನಿಮ್ಮ ಹೊಸ ಕಾರು ಹೋಗ್ತದಾ?"

"ಎಂತ ಶಬ್ದ ಮಾಷ್ಟ್ರೇ?"

"ಎಡದ ಬದಿ. ಶಾಕ್ ಹೋಗಿರ್ಬೇಕು."

"ಹೊಂಡಕ್ಕೆ ಬಿದ್ರೆ ಮಾತ್ರವಾ, ಬ್ರೇಕ್ ಹಿಡಿದ್ರೂ ಉಂಟಾ?"

ಮಾಷ್ಟ್ರು ಒಂದು ಗಳಿಗೆ ಯೋಚಿಸಿದರು. "ಹಿಡಿದಾಗ ಒಮ್ಮೆ. ಬಿಟ್ಟಾಗ ಇನ್ನೊಮ್ಮೆ."

"ಹಾಗಾದ್ರೆ ಶಾಕ್ ಅಲ್ಲ."

ಈ ಒಂದು ಪ್ರಶ್ನೆಯಲ್ಲಿ ಅರ್ಧ ಕೆಲಸ ಮುಗಿಯಿತು ಎನ್ನಬೇಕು. ಕಾರಿನ ಕೆಳಗಿಂದ ಯಾವ ಸದ್ದು ಬಂದರೂ ಜನ ಮೊದಲು ದೂರುವುದು ಶಾಕ್ ಅಬ್ಸಾರ್ಬರನ್ನು. ಎರಡೂ ಶಾಕ್ ಬದಲಿಸಿ, ಮತ್ತೂ ಸದ್ದು ನಿಲ್ಲದೆ, ಕೊನೆಗೆ ಕಾರನ್ನೇ ಮಾರಿದವರು ಈ ಊರಲ್ಲೇ ಇದ್ದಾರೆ. ಶಾಕ್ ಇರುವುದು ಮೇಲೆ ಕೆಳಗಿನ ಕುಣಿತಕ್ಕೆ. ಬ್ರೇಕ್ ಹಿಡಿದಾಗ ಚಕ್ರ ಜಗ್ಗುವುದು ಹಿಂದಕ್ಕೆ; ಬಿಟ್ಟಾಗ ಮುಂದಕ್ಕೆ. ಆ ಹಿಂದುಮುಂದಿನ ಓಡಾಟದಲ್ಲಿ ಸದ್ದು ಬಂದರೆ ಸಡಿಲಾದದ್ದು ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ಕೈ, ಅಂದರೆ ಲೋವರ್ ಆರ್ಮ್, ಇಲ್ಲವೇ ಅದರ ಸಂದಿನ ಬುಶ್.

ಮಾರುತಿ 800ರ ಮುಂಭಾಗದ ಜೋಡಣೆ ನೋಡಲು ಬಡಕಲು. ಒಂದು ಬದಿಗೆ ಒಂದೇ ಒಂದು ಆರ್ಮ್. ಒಳತುದಿ ಬೋಲ್ಟಿನ ಮೂಲಕ ಬಾಡಿಗೆ, ಹೊರತುದಿ ಬಾಲ್ ಜಾಯಿಂಟಿನ ಮೂಲಕ ಚಕ್ರದ ಗೆಣ್ಣಿಗೆ. ಒಂದೇ ಸರಳು ಅಡ್ಡಕ್ಕೆ ಮಾತ್ರ ಹಿಡಿದೀತು, ಹಿಂದೆಮುಂದೆ ಹೋಗದಂತೆ ತಡೆಯಲಾರದು. ಆ ಕೆಲಸಕ್ಕೆ ಮುಂದಿನಿಂದ ಬಾಗಿ ಬರುವ ಸ್ಟೆಬಿಲೈಸರ್ ಬಾರನ್ನೇ ಬಳಸಿದ್ದಾರೆ. ತಿರುವಿನಲ್ಲಿ ಕಾರು ವಾಲದ ಹಾಗೆ ನೋಡಿಕೊಳ್ಳುವುದೂ ಅದೇ, ಬ್ರೇಕಿನ ಜಗ್ಗಾಟ ತಡೆಯುವುದೂ ಅದೇ. ಇದು ಕಾಸು ಉಳಿಸಲು ಮಾಡಿದ ಉಪಾಯ ಎಂದು ಹಗುರವಾಗಿ ಹೇಳುವವರುಂಟು. ಆದರೆ ಅಮೆರಿಕದ ಇಂಜಿನಿಯರ್ ಅರ್ಲ್ ಮೆಕ್‌ಫರ್ಸನ್ ರೂಪಿಸಿದ ಮೂಲ ಜೋಡಣೆಯೇ ಹೀಗಿತ್ತು. 1950ರಲ್ಲಿ ಇಂಗ್ಲೆಂಡಿನಲ್ಲಿ ಜನರೆದುರು ಬಂದ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲೂ ಬಾರಿಗೆ ಎರಡೂ ಚಾಕರಿ. ನನಗಂತೂ ಇದು ಜಿಪುಣತನಕ್ಕಿಂತ ಜಾಣತನವಾಗಿಯೇ ಕಾಣುತ್ತದೆ. ಆದರೆ ಎರಡು ಕೆಲಸ ಮಾಡುವವನು ಬೇಗ ಸವೆಯುತ್ತಾನೆ ಎಂಬುದೂ ನಿಜ.

ಜಾಕಿ ಏರಿತು. ಕಾರಿನಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಎರಡು ಸಲ ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಮೇಸ್ತ್ರಿ ಹುಡುಗನನ್ನು ಹತ್ತಿರ ಬಿಟ್ಟದ್ದು. ಚಕ್ರ ಕಳಚಿದೊಡನೆ ಒಳಗಿನ ಲೋಕ ಕಂಡಿತು: ಒಣಗಿದ ಕೆಂಪು ಮಣ್ಣಿನ ಹೆಪ್ಪಳಿಕೆ, ಅದರ ನಡುವೆ ಆರ್ಮ್. ಮೇಸ್ತ್ರಿ ಟಾಮಿಯ ತುದಿಯನ್ನು ಆರ್ಮ್ ಮತ್ತು ಬಾಡಿಯ ಸಂದಿಗೆ ತೂರಿಸಿ ಮೆಲ್ಲಗೆ ಮೀಟಿದರು. ಕೈಬಲ ಬೇಕಾಗಲೇ ಇಲ್ಲ. ಆರ್ಮ್ ಒಂದು ಬೆರಳಿನಷ್ಟು ಸರಿದು ಮತ್ತೆ ಬಂದು ಕೂತಿತು. 'ಟೊಕ್.'

"ಇದುವೇ ಅಲ್ವಾ ನಿಮ್ಮ ಶಬ್ದ?"

ಮಾಷ್ಟ್ರು ಬಗ್ಗಿ ನೋಡಿ, ಪರಿಚಿತರನ್ನು ಕಂಡವರ ಹಾಗೆ ತಲೆಯಾಡಿಸಿದರು.

ಕಳಚುವ ಕೆಲಸ ಹೇಳಲು ಸುಲಭ. ಬಾರಿನ ತುದಿಯ ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆ, ಕ್ಯಾಸಲ್ ನಟ್ ತೆಗೆ, ಬಾಲ್ ಜಾಯಿಂಟಿನ ಬೋಲ್ಟ್ ತೆಗೆ, ಒಳಬದಿಯ ಬೋಲ್ಟ್ ಎಳೆ, ಆರ್ಮ್ ಕೈಗೆ ಬಂತು. ಮಾಡಲು ಹೊರಟರೆ ಆ ಒಳಬದಿಯ ಬೋಲ್ಟ್ ಇರುತ್ತದೆ. ಬುಶ್ಶಿನ ಒಳಗಿನ ಉಕ್ಕಿನ ಕೊಳವೆಯಲ್ಲಿ ಹಾದುಹೋಗುವ ಅದು ಇಷ್ಟು ವರ್ಷಗಳ ಮಳೆನೀರಿಗೆ ತುಕ್ಕು ಹಿಡಿದು ಕೊಳವೆಯ ಜೊತೆ ಒಂದೇ ಆಗಿತ್ತು. ನಟ್ ಬಿಟ್ಟಿತು, ಬೋಲ್ಟ್ ಬಿಡಲಿಲ್ಲ. ಸ್ಪ್ಯಾನರ್ ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಗುತ್ತದೆ. ಮೇಸ್ತ್ರಿ ತುಕ್ಕು ಬಿಡಿಸುವ ಎಣ್ಣೆ ಹನಿಸಿ, "ಚಹಾ ಕುಡಿಯುವಾ" ಎಂದರು. ಅವಸರದವನು ಈ ಘಟ್ಟದಲ್ಲಿ ಸುತ್ತಿಗೆ ಎತ್ತಿ ಬೋಲ್ಟಿನ ಮರೆ ಹಾಳುಮಾಡುತ್ತಾನೆ. ಎದುರಿನ ಹೋಟೆಲಿನಿಂದ ಗೋಳಿಬಜೆ ಬಂತು, ಅಡಿಕೆಯ ರೇಟಿನ ಮಾತು ಬಂತು, ಎಲೆಚುಕ್ಕಿ ರೋಗದ ಮಾತು ಬಂತು. ಆಮೇಲೆ ನಟ್ಟನ್ನು ಮತ್ತೆ ಅರ್ಧ ತಿರುಪಿ, ಅದರ ಮೇಲೆ ಹಿತ್ತಾಳೆಯ ತುಂಡಿಟ್ಟು ನಾಲ್ಕು ಏಟು. ಐದನೆಯದಕ್ಕೆ ಬೋಲ್ಟ್ ಕಿರ್ರೆಂದು ಸರಿಯಿತು.

ಆರ್ಮಿನೊಡನೆ ಹೊರಬಂದ ಬುಶ್ಶನ್ನು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ರಬ್ಬರು. ಈ ರಬ್ಬರಿನ ಕೆಲಸ ಏನೆಂದು ಕೇಳಿದರೆ ಹೆಚ್ಚಿನವರು ಕುಶನ್ ಎನ್ನುತ್ತಾರೆ. ಅದು ಅರ್ಧ ಸತ್ಯ. ಆರ್ಮ್ ಮೇಲೆ ಕೆಳಗೆ ಆಡುವಾಗ ಇದೇ ಅದರ ಕೀಲು. ಆದರೆ ಬಾಗಿಲ ತಿರುಗಣಿಯಲ್ಲಿ ಕಬ್ಬಿಣ ಕಬ್ಬಿಣದ ಮೇಲೆ ಜಾರುತ್ತದೆ, ಇಲ್ಲಿ ಯಾವುದೂ ಜಾರುವುದಿಲ್ಲ. ಒಳಕೊಳವೆ ಬೋಲ್ಟಿನ ಬಿಗಿಗೆ ಬಾಡಿಯಲ್ಲಿ ಕಚ್ಚಿ ಕೂತಿರುತ್ತದೆ, ಹೊರಬಳೆ ಆರ್ಮಿನಲ್ಲಿ ಕಚ್ಚಿ ಕೂತಿರುತ್ತದೆ. ತಿರುಚಿಕೊಳ್ಳುವುದು ನಡುವಿನ ರಬ್ಬರು ಮಾತ್ರ. ಪ್ರತಿ ಹೊಂಡಕ್ಕೂ ಒಮ್ಮೆ ತಿರುಚಿ, ಒಮ್ಮೆ ಬಿಚ್ಚಿಕೊಳ್ಳುತ್ತದೆ. ಜಾರುವ ಜಾಗವೇ ಇಲ್ಲದ್ದರಿಂದ ಗ್ರೀಸ್ ಬೇಡ, ಸದ್ದೂ ಇಲ್ಲ. ಎಂಜಿನ್ನಿನಿಂದ ಸೋರಿದ ಎಣ್ಣೆ ತಾಗಿ, ಬಿಸಿಲು, ಗಾಳಿಯ ಓಜೋನ್, ಲೆಕ್ಕವಿಲ್ಲದ ತಿರುಚುಗಳು ಎಲ್ಲ ಸೇರಿ ರಬ್ಬರು ಒಡೆದ ದಿನ ಕಬ್ಬಿಣಕ್ಕೆ ಕಬ್ಬಿಣ ಬಡಿಯತೊಡಗುತ್ತದೆ. ಮಾಷ್ಟ್ರ ಕಾರಿನ ಬುಶ್ಶಿನಲ್ಲಿ ರಬ್ಬರು ಒಂದು ಬದಿಗೆ ಪೂರ್ತಿ ಹರಿದು, ಉಳಿದದ್ದು ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು.

ಹಿಂದಿನ ತೋಟದ ಮರಗಳಿಗೂ ಈ ಕಪ್ಪು ಪುಡಿಗೂ ನೆಂಟಸ್ತಿಕೆ ಇದೆ. ಸಿಂಥೆಟಿಕ್ ರಬ್ಬರು ಬಂದು ಎಷ್ಟೋ ಕಾಲವಾದರೂ ಇಂಥ ಬುಶ್ಶುಗಳಿಗೆ ಮರದ ಹಾಲಿನ ರಬ್ಬರನ್ನೇ ಹೆಚ್ಚಾಗಿ ನೆಚ್ಚುತ್ತಾರೆ; ಮತ್ತೆ ಮತ್ತೆ ತಿರುಚಿದರೂ ಹರಿಯದೆ ತಾಳುವ ಗುಣ ಅದಕ್ಕೆ ಜಾಸ್ತಿ. ಬೆಳಗಿನ ಜಾವ ಚಿಪ್ಪಿಗೆ ಇಳಿದ ಹಾಲಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಾತ್ರ ರಬ್ಬರು, ಉಳಿದದ್ದು ಬಹುಪಾಲು ನೀರು. ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಶಿನಿಗೆ ಕೊಟ್ಟು ಶೀಟು ಮಾಡಿ, ಹೊಗೆಮನೆಯಲ್ಲಿ ಒಣಗಿಸಿ ಮಾರುತ್ತಾರೆ. ಸುಳ್ಯ, ಪುತ್ತೂರು ಸೀಮೆಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಗುಡ್ಡಗಟ್ಟಲೆ ಇವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಸಿಲೋನಿನಿಂದ ಮರಳಿದ ತಮಿಳು ಕುಟುಂಬಗಳಿಗೆ ಇಲ್ಲಿ ಕೆಲಸವೂ ನೆಲೆಯೂ ಸಿಕ್ಕಿದ್ದು ಈ ತೋಟಗಳಿಂದ. ಇಲ್ಲಿಂದ ಲಾರಿ ಹತ್ತಿದ ಶೀಟು ಯಾವ ಕಾರ್ಖಾನೆಯಲ್ಲಿ ಗಂಧಕ, ಮಸಿ ಬೆರೆಸಿಕೊಂಡು ಏನಾಗುತ್ತದೋ, ಟ್ಯಾಪಿಂಗ್‌ನವನಿಗೆ ಅದರ ಗೊಡವೆ ಇಲ್ಲ. ಅವನಿಗೆ ಬೇಕಾದದ್ದು ಇವತ್ತಿನ ಶೀಟಿನ ರೇಟು.

ಹೊಸ ಬುಶ್ಶು ಬಂದದ್ದು ಮಂಗಳೂರಿನಿಂದ, ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಪೇಪರಿನ ಪೊಟ್ಟಣವಾಗಿ. ಎಡಕ್ಕೂ ಬಲಕ್ಕೂ ಸೇರಿಸಿಯೇ ತರಿಸಿದ್ದಾರೆ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳತು ಮಾಡಿದರೆ ಸ್ಟೇರಿಂಗ್ ಒಂದು ಕಡೆ ಎಳೆಯುವ ದೂರು ಹೊತ್ತು ಗಿರಾಕಿ ವಾಪಸ್ಸು ಬರುತ್ತಾನೆ.

"ಇಡೀ ಆರ್ಮೇ ಹೊಸತು ಹಾಕಿದ್ರೆ?" ಮಾಷ್ಟ್ರು ಕೇಳಿದರು.

ಮೇಸ್ತ್ರಿ ಬಾಲ್ ಜಾಯಿಂಟನ್ನು ಬೆರಳಿನಲ್ಲಿ ಹಿಡಿದು ಸುತ್ತ ತಿರುಗಿಸಿ ತೋರಿಸಿದರು. ಬಿಗಿಯಾಗಿತ್ತು, ರಬ್ಬರ್ ಟೊಪ್ಪಿಯೂ ಹರಿದಿರಲಿಲ್ಲ. "ಇದು ಹೋಗಿದ್ರೆ ಹಾಕ್ಲೇಬೇಕಿತ್ತು, ಆರ್ಮಿನಲ್ಲೇ ಕೂತಿರ್ತದೆ. ಇದು ಗಟ್ಟಿ ಉಂಟು. ಸುಮ್ಮನೆ ಯಾಕೆ ದುಡ್ಡು ಹಾಳು?"

ಹಳೆಯ ಬಳೆ ತೆಗೆಯುವಾಗ ಕೆಲವು ಕಡೆ ರಬ್ಬರಿಗೆ ಬೆಂಕಿ ಕೊಡುತ್ತಾರೆ. ಆ ಹೊಗೆ ಉಸಿರಿಗೆ ಬಿದ್ದರೆ ಮರುದಿನವೂ ಗಂಟಲಿನಲ್ಲಿರುತ್ತದೆ. ಇಲ್ಲಿ ಹಾಗಿಲ್ಲ. ಹುಡುಗ ಆಕ್ಸೋ ಬ್ಲೇಡನ್ನು ಒಳಗೆ ತೂರಿಸಿ ಬಳೆಗೆ ಮಾತ್ರ ಒಂದು ಗೀರು ಕೊಯ್ದ, ಆರ್ಮಿನ ಲೋಹಕ್ಕೆ ತಾಗದಂತೆ. ಬಿಗಿ ಕಳೆದುಕೊಂಡ ಬಳೆಯನ್ನು ವೈಸಿನ ಒಂದು ದವಡೆಗೆ ಪೈಪಿನ ತುಂಡು, ಇನ್ನೊಂದಕ್ಕೆ ಸಾಕೆಟ್ ಕೊಟ್ಟು ಒತ್ತಿದಾಗ ಮೆಲ್ಲಗೆ ಹೊರಬಿತ್ತು. ಹೊಸತನ್ನು ಕೂರಿಸುವುದೂ ಅದೇ ವೈಸಿನಲ್ಲಿ. ಆರ್ಮಿನ ತೂತನ್ನು ಮರಳು ಕಾಗದದಿಂದ ಉಜ್ಜಿ, ಬುಶ್ಶಿಗೆ ಸಾಬೂನು ನೀರು ಸವರಿದರು. ಎಣ್ಣೆಯಲ್ಲ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಈ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ನೇರ ಕೂತಿದೆಯೇ ಎಂದು ಎರಡು ಸುತ್ತಿಗೊಮ್ಮೆ ಬಗ್ಗಿ ನೋಡುತ್ತಾ, ವೈಸಿನ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಕೆಲವು ಕಾರುಗಳ ಬುಶ್ಶಿನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ, ಅವು ಯಾವ ದಿಕ್ಕಿಗೆ ಬರಬೇಕೆಂಬ ಲೆಕ್ಕ ತಪ್ಪಿದರೆ ಹೊಸ ಬುಶ್ಶೇ ಸಮಸ್ಯೆ. 800ಕ್ಕೆ ಆ ರಗಳೆ ಇಲ್ಲ.

ಆರ್ಮ್ ವಾಪಸ್ಸು ಏರಿತು. ಬೋಲ್ಟ್ ತೂರಿತು, ನಟ್ ಕೂತಿತು. ಹುಡುಗ ಉದ್ದನೆಯ ಸ್ಪ್ಯಾನರ್ ಎತ್ತಿಕೊಂಡು ಬಿಗಿಯಲು ಬಗ್ಗಿದ. ಮೇಸ್ತ್ರಿ ತುಳುವಿನಲ್ಲಿ ಗದರಿದರು; ಮಾಷ್ಟ್ರಿಗೆ ಅದನ್ನೇ ಕನ್ನಡದಲ್ಲಿ ವಿವರಿಸಿದರು.

"ಈಗ ಬಿಗಿ ಮಾಡ್ಲಿಕ್ಕಿಲ್ಲ. ಚಕ್ರ ಈಗ ಎಲ್ಲುಂಟು? ನೇತಾಡ್ತಾ ಉಂಟು. ಈಗ ಬಿಗಿ ಮಾಡಿದ್ರೆ ರಬ್ಬರ್ ಇದೇ ಅದರ ಜಾಗ ಅಂತ ಕೂರ್ತದೆ. ಮತ್ತೆ ಕಾರು ಕೆಳಗೆ ಇಳಿಸಿದ್ರೆ ನಿಂತಲ್ಲೇ ತಿರುಚಿ ಇರ್ತದೆ, ಹಗಲೂ ರಾತ್ರಿಯೂ."

ನಾನು ನೋಡಿದ ಗ್ಯಾರೇಜುಗಳಲ್ಲಿ ಹೆಚ್ಚಿನವರು ತಪ್ಪಿಸುವುದು ಇದನ್ನೇ. ಜಾಕಿಯ ಮೇಲಿರುವಾಗಲೇ ಎಲ್ಲ ಬಿಗಿದು ಇಳಿಸಿಬಿಡುತ್ತಾರೆ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ: ಚಕ್ರ ಹಾಕಿ ಇಳಿಸಿದ ಮೇಲೆ ಈ ಪುಟ್ಟ ಕಾರಿನಡಿ ಕೈ ತೂರುವಷ್ಟು ಜಾಗವಿರುವುದಿಲ್ಲ, ಎಲ್ಲರ ಬಳಿ ಹೊಂಡವೂ ಇಲ್ಲ. ಗಿರಾಕಿಗೆ ಆ ದಿನ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಸದ್ದು ನಿಂತಿರುತ್ತದೆ, ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ನಿಂತಲ್ಲೇ ತಿರುಚಿಕೊಂಡ ರಬ್ಬರಿಗೆ ಸಣ್ಣ ಹೊಂಡವೂ ದೊಡ್ಡದೇ. ವರ್ಷಗಟ್ಟಲೆ ಬಾಳಬೇಕಾದದ್ದು ಬೇಗನೆ ಹರಿದಾಗ ಬೈಗಳು ಬೀಳುವುದು ಬುಶ್ಶಿಗೆ: 'ಲೋಕಲ್ ಮಾಲು' ಎಂದು.

ನಟ್ಟುಗಳನ್ನು ಬೆರಳ ಬಿಗಿಯಲ್ಲೇ ಬಿಟ್ಟು, ಬಲಬದಿಯ ಆರ್ಮಿಗೂ ಇದೇ ಶುಶ್ರೂಷೆ ನಡೆಯಿತು. ಅಲ್ಲಿ ಬೋಲ್ಟ್ ಹಟ ಮಾಡಲಿಲ್ಲ. ಬಾರಿನ ತುದಿಯ ಬುಶ್ಶುಗಳು, ವಾಶರುಗಳು ಬದಲಾದವು. ಎರಡೂ ಚಕ್ರ ಹಾಕಿ, ಕಾರನ್ನು ಇಳಿಸಿ, ತಳ್ಳಿಕೊಂಡು ಹೋಗಿ ಹೊಂಡದ ಮೇಲೆ ನಿಲ್ಲಿಸಿದರು. ಮಾಷ್ಟ್ರೂ ಕೈಜೋಡಿಸಿದರು. ಹುಡುಗ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಾಲ್ಕೈದು ಸಲ ಒತ್ತಿ ಒತ್ತಿ ಬಿಟ್ಟ. ಕಾರು ಕುಣಿದು ತನ್ನ ಎತ್ತರಕ್ಕೆ ತಾನೇ ಬಂದು ನಿಂತಿತು. ಆಗ ಮೇಸ್ತ್ರಿ ಹೊಂಡಕ್ಕಿಳಿದರು. ಕೆಳಗಿನಿಂದ ಸ್ಪ್ಯಾನರಿನ ಸದ್ದು, ಒಂದು ಉಸಿರು ಬಿಗಿಹಿಡಿದ ಹೂಂಕಾರ, ಮತ್ತೆ ಸ್ಪ್ಯಾನರ್. ಬಾರಿನ ಕ್ಯಾಸಲ್ ನಟ್ಟುಗಳಿಗೆ ಹೊಸ ಸ್ಪ್ಲಿಟ್ ಪಿನ್. ಹಳೆಯದನ್ನೇ ನೇರ ಮಾಡಿ ಹಾಕಲು ಹೊರಟ ಹುಡುಗನಿಗೆ ಇನ್ನೊಮ್ಮೆ ತುಳು ಪಾಠವಾಯಿತು.

ಟ್ರಯಲಿಗೆ ಮಾಷ್ಟ್ರೇ ಓಡಿಸಿದರು, ಮೇಸ್ತ್ರಿ ಎಡಗಡೆ ಕೂತರು. ಶಾಲೆಯ ಎದುರಿನ ಹಂಪನ್ನು ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಬೇಕೆಂದೇ ಜೋರಾಗಿ ಹತ್ತಿಸಿದರು. ಇಳಿಯುವಾಗ ಮಾಷ್ಟ್ರ ಮುಖದಲ್ಲಿ ಅರೆ ಸಂತೋಷ.

"ಮುಂದಿನದ್ದು ಹೋಯ್ತು. ಆದ್ರೆ ಹಿಂದಿನಿಂದ ಎಂತದೋ ಗಿಲಿಗಿಲಿ ಕೇಳ್ತದಲ್ಲ?"

"ಅದು ಮೊದಲೂ ಇತ್ತು ಮಾಷ್ಟ್ರೇ, ಈಗ ನಿಮಗೆ ಕೇಳ್ತಾ ಉಂಟು. ಡಿಕ್ಕಿ ಬಾಗಿಲಿನದ್ದು. ಅಡಿಕೆ ಕೊಟ್ಟ ಮೇಲೆ ಬನ್ನಿ, ನೋಡುವಾ."

ಬಿಲ್ಲೆಂದರೆ ಸಿಗರೇಟು ಪ್ಯಾಕಿನ ಹಿಂಬದಿಯ ಲೆಕ್ಕ. ಬುಶ್ಶುಗಳಿಗಿಂತ ಕೂಲಿ ಜಾಸ್ತಿ. ಹಾಗೆಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಮಾಷ್ಟ್ರು ಚರ್ಚೆ ಮಾಡದೆ ಕೊಟ್ಟರು. ಹೊಸ ಬುಶ್ಶು ಕೂತ ಮೇಲೆ ಚಕ್ರದ ಕೋನ ತುಸುವಾದರೂ ಬದಲಾಗಿರುತ್ತದೆ, ಹಾಗೆಯೇ ಬಿಟ್ಟರೆ ಟೈಯರಿನ ಒಂದು ಅಂಚು ಸವೆದು ಹೋಗುತ್ತದೆ. ಅದನ್ನು ಸರಿಪಡಿಸುವ ಮೆಶಿನ್ ಇಲ್ಲಿಲ್ಲ.

"ನಾಳೆ ಪುತ್ತೂರಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿ," ಮೇಸ್ತ್ರಿ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಹೇಳಿದರು. "ಅಲ್ಲಿ ಯಾರಾದ್ರೂ ಶಾಕ್ ಹೋಗಿದೆ ಅಂತ ಹೇಳಿದ್ರೆ, ಹೂಂ ಅನ್ನುವ ಮೊದ್ಲು ನನಗೊಂದು ಫೋನ್ ಮಾಡಿ."